ಹಿಂದಿನ ಹಿಡಿ

ನಲವತ್ತೈದು ಲೀಟರ್ ಎಂದು ಬರೆದಿತ್ತು ಪೆಟ್ಟಿಗೆಯ ಮೇಲೆ.
ಹಲ್ಲನ್ನ ಲೀಟರಿನಾಗೆ ಅಳೀತಾರೇನೋ ಜಬೀವುಲ್ಲಾ, ಅಂದೆ.
ಎರಡು ಹೆಲ್ಮೆಟ್ ಹಿಡಿಸ್ತಾವೆ ಸಾರ್,
ದವಡೆ ಎಷ್ಟು ಅಂತ ನೀವೇ ಹೇಳ್ಬೇಕು, ಅಂದ,
ಬಾಯಲ್ಲಿ ವಾಷರು ಕಚ್ಚಿಕೊಂಡೇ.

ಮಂಡಕ್ಕಿ ಭಟ್ಟಿಯ ಕಡೆಯ ಗಾಳಿ;
ಸೀಟಿನ ಮೇಲೆ ಸಣ್ಣಗೆ ಹೊಟ್ಟಿನ ಬೂದಿ.
ನನ್ನ ಪ್ಲಾಟಿನಾಕ್ಕೆ ಹದಿಮೂರು ವರ್ಷ.
ರ‍್ಯಾಕು ಕೂರಬೇಕಾದರೆ ಮೊದಲು
ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿ ಬಿಚ್ಚಬೇಕಂತೆ.
ಬಿಚ್ಚು, ಅಂದೆ. ಅದರಲ್ಲೇನಿದೆ.

ಬೋಲ್ಟು ಬರಲಿಲ್ಲ.
ಬೇರು ಡೊಂಕಾದ ದವಡೆಹಲ್ಲಿನ ಹಾಗೆ ಕಚ್ಚಿಕೊಂಡಿತ್ತು.
ಸೀಮೆಎಣ್ಣೆ ಬಿಟ್ಟು, ಚಹಾ ಕುಡಿದು ಬಂದು,
ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿದ.
ಕಟ್ ಅಂತು. ನನ್ನ ಕಡೆ ನೋಡಿದ.
ಹಲ್ಲು ಕಿತ್ತವರೆಲ್ಲ ಹಾಗೇ ನೋಡುತ್ತಾರೆ.

ಕೈಗೆ ಬಂತು ಹಿಡಿ.
ಬಲಗಡೆ ಕರಿ ಬಣ್ಣ ಇದ್ದ ಹಾಗೇ ಇದೆ.
ಎಡಗಡೆ ನಾಲ್ಕು ಬೆರಳಗಲ
ಬಣ್ಣ ಸವೆದು ಬೆಳ್ಳಗೆ ಹೊಳೆಯುತ್ತದೆ.

ಅದು ಕೊಟ್ರೇಶಿಯ ಎಡಗೈ.
ಒಂಬತ್ತು ವರ್ಷ.
ಬಲಗೈ ತೊಡೆಯ ಮೇಲಿನ ಚೀಲಕ್ಕೆ:
ಜಗಳೂರಿನ ಡಾಕ್ಟರು ಕೊಟ್ಟ ಪ್ಲಾಸ್ಟರ್ ಅಚ್ಚುಗಳು,
ಬಿಳಿಚೋಡಿನ ಮುದುಕಿಯ ಮೇಲ್ದವಡೆ,
ಮೇಣದಲ್ಲಿ ಕೂರಿಸಿದ, ಇನ್ನೂ ನಂಬಿಕೆಯಿಲ್ಲದ ಹದಿನಾಲ್ಕು ಹಲ್ಲು.
ಹಸುಗೂಸಿನ ನೆತ್ತಿ ಕಾದ ಹಾಗೆ ಕಾಯುತ್ತಿದ್ದ.
ರಸ್ತೆ ನನಗಿಂತ ಮೊದಲು ಅವನಿಗೇ ಕಾಣುತ್ತಿತ್ತು
ನನ್ನ ಹೆಗಲ ಮೇಲಿಂದ.
ಹಂಪ್ ಅಣ್ಣ.
ಗುಂಡಿ ಅಣ್ಣ.
ಎಮ್ಮೆ ಅಣ್ಣ.
ದಾವಣಗೆರೆ ಮುಟ್ಟುವವರೆಗೆ ಅಷ್ಟೇ ಮಾತು.

ಯುಗಾದಿ ಮುಗಿದು ವಾರಕ್ಕೆ ಅವನದೇ ಲ್ಯಾಬು,
ನಮ್ಮ ಬೀದಿಯಲ್ಲೇ, ಎದುರು ಸಾಲಿನಲ್ಲಿ.
ಬೋರ್ಡಿನ ತುಂಬ ಒಂದು ನಗುವ ಬಾಯಿ.
ಸ್ವೀಟಿನ ಡಬ್ಬಿ ತಂದುಕೊಟ್ಟ. ತಿಂದೆ.
ಸೆಟ್ಟಿಗೆ ಇನ್ನೂರು ಕಮ್ಮಿಯಂತೆ ಅವನಲ್ಲಿ,
ಡಾಕ್ಟರೇ ಫೋನು ಮಾಡಿ ಹೇಳಿದರು.
ನನ್ನ ಹೆಂಡತಿ ಅಂದಳು: ಆಳು ಇಡಬ್ಯಾಡ್ರಿ, ಬಾಕ್ಸು ಇಡ್ರಿ.
ಬಾಕ್ಸು ಹೋಗಿ ಲ್ಯಾಬು ತೆಗೆಯಂಗಿಲ್ಲ.

ರ‍್ಯಾಕು ಕೂತಿತು. ನಾಲ್ಕು ಬೋಲ್ಟು,
ಮಡ್ಗಾರ್ಡಿಗೆ ಒಂದು ಹೊಸ ತೂತು.
ಪ್ಲೇಟಿನ ಮೇಲೆ ಪೆಟ್ಟಿಗೆ ಜಾರಿಸಿ ಒತ್ತಿದರೆ ಟಕ್.
ಬೀಗದಕೈ ಎರಡು. ಒಂದು ನನಗೆ,
ಇನ್ನೊಂದು ಯಾರಿಗೆ ಕೊಡುವುದೋ ತಿಳಿಯದೆ
ಅದನ್ನೂ ನಾನೇ ಇಟ್ಟುಕೊಂಡೆ.
ಹಳೇ ಹಾಸಿಗೆಯ ಸ್ಪಂಜು ಕತ್ತರಿಸಿ ಒಳಗೆ ಹಾಸಿದೆ.
ಹಿಡಿ ಗುಜರಿಗೆ ಹಾಕ್ಲಾ ಸಾರ್, ಅಂದ ಜಬೀವುಲ್ಲಾ.
ಇರಲಿ ಬಿಡು, ಟವೆಲು ಒಣಹಾಕೋಕೆ ಬರ್ತತಿ.

ಮೊದಲ ದಿನವೇ ಅಣಜಿ ದಾಟಿ ಒಂದು ಹಂಪು
ನನಗೆ ಕಾಣಲಿಲ್ಲ.
ಪೆಟ್ಟಿಗೆಗೆ ಕಂಡಿರಬಹುದು; ಹೇಳಲಿಲ್ಲ.
ಹಿಂದೆಲ್ಲ ಕಟಕಟ ಕಟಕಟ,
ಒಂದು ಊರಿನ ಬಾಯಿಗಳೆಲ್ಲ ಒಟ್ಟಿಗೇ ಚಳಿಗೆ ಸಿಕ್ಕ ಹಾಗೆ.
ತೆಗೆದು ನೋಡಿದರೆ
ರಿಟೈರಾದ ಪೋಸ್ಟ್‌ಮನ್ನರ ಕೆಳದವಡೆ ಎರಡು ಹೋಳು.

ನಿನ್ನೆ ಸಂಜೆ ಅದೇ ಕೆರೆ ಏರಿಯ ಹತ್ತಿರ
ಸ್ಟ್ಯಾಂಡು ಹಾಕಿ ನಿಂತಿದ್ದ ಕೊಟ್ರೇಶಿ. ಚೈನು ಹರಿದಿತ್ತು.
ಎದೆಗೆ ಅವುಚಿದ ಚೀಲ.
ಹತ್ತು, ಅಂದೆ.
ಪೆಟ್ಟಿಗೆ ನೋಡಿದ, ಎಷ್ಟಾಯ್ತು ಅಂತ ಕೇಳಲಿಲ್ಲ.
ಬೀಗ ತೆಗೀಲಾ ಅಂತ ನಾನೂ ಕೇಳಲಿಲ್ಲ.
ಕನ್ನಡಿಯಲ್ಲಿ ಕಂಡೆ:
ಅವನ ಎಡಗೈ ಹಿಂದಕ್ಕೆ ಹೋಗಿ
ಪೆಟ್ಟಿಗೆಯ ಅಡಿಯಲ್ಲಿ ಏನನ್ನೋ ತಡಕಾಡಿತು.
ಆಮೇಲೆ ಬಂದು ನನ್ನ ಹೆಗಲ ಮೇಲೆ ಕೂತಿತು,
ಭಾರವೇ ಇಲ್ಲದ ಹಾಗೆ, ಕೇಳಿಕೊಂಡು ಕೂತ ಹಾಗೆ.

ಊರಿನ ದೀಪ ಕಾಣುವ ಮುಂಚೆ
ಹಂಪ್ ಅಣ್ಣ, ಅಂದ.
ದೂರದಿಂದಲೇ ನೋಡಿದ್ದೆ ನಾನು, ಬಿಳಿ ಪಟ್ಟೆ ಹೊಸದು.
ಆದರೂ ಬ್ರೇಕು ಒತ್ತಿದ್ದು
ಅವನು ಅಂದಮೇಲೆ.