ಬಾ, ಮೂಗು ತೂರಿಸು

ಎರಡು ಚಳಿಗಾಲದ ಹಿಂದೆ ಬಂದ ಜ್ವರ
ಹೋಗುವಾಗ ನನ್ನ ಮೂಗಿನೊಳಗಿನ ದೀಪ ಆರಿಸಿ ಹೋಯಿತು.
ಡಾಕ್ಟರು ಬರಬಹುದು ಅಂದರು, ಬರದೆಯೂ ಇರಬಹುದು ಅಂದರು,
ಬ್ರೆಸ್ಟ್ ಬಂದರಿನಲ್ಲಿ ಹವಾಮಾನ ಹೇಳುವವರ ಹಾಗೆ.

ಅಂದಿನಿಂದ ಸಮುದ್ರ ಬರೀ ಸದ್ದು.
ಕಾಫಿ ಬರೀ ಬಿಸಿ.
ಗ್ವೆನಾಯೆಲ್‌ನ ಅಂಗಿ ಬರೀ ಬಟ್ಟೆ.

ಆದರೂ ಈ ಭಾನುವಾರ ಮತ್ತೆ ಕಪಾಟಿನಿಂದ
ಆರು ಪಿಂಗಾಣಿ ಬಟ್ಟಲು ಇಳಿಸಿದೆ.
ಒಂದರ ಅಂಚು ಮುಕ್ಕಾಗಿದೆ, ಅದು ಯಾವತ್ತೂ ನನ್ನದು.
ಬೆಣ್ಣೆ ಸವರಿ, ಕೋಕೋ ಪುಡಿ ಉದುರಿಸಿ,
ತಿರುಗಿಸಿ ತಿರುಗಿಸಿ ತಟ್ಟಿದೆ.
ನಮ್ಮ ಕಡೆ ಬೆಣ್ಣೆಯೆಂದರೆ ಉಪ್ಪು ಬೆಣ್ಣೆಯೇ.
ಪ್ಯಾರಿಸಿನವರು ಮೂಗು ಮುರಿಯುತ್ತಾರೆ.
ಮುರಿಯಲಿ, ಮುರಿಯಲಿಕ್ಕಾದರೂ ಅವರಿಗೆ ಒಂದಿದೆ.

ಕುದಿವ ನೀರಿನ ಮೇಲೆ ಬೋಗುಣಿ.
ಕಪ್ಪು ಚಾಕೊಲೇಟಿನ ಚೂರುಗಳು ಮೊದಲು ಹಟ ಹಿಡಿದವು,
ಆಮೇಲೆ ಮೂಲೆಯೊಂದು ಮೆತ್ತಗಾಯಿತು,
ಆಮೇಲೆ ಯಾರು ಮೊದಲು ಸೋತರೆಂದು ಹೇಳಲಾಗದ ಹಾಗೆ
ಎಲ್ಲ ಒಂದೇ ಹೊಳಪು.
ಮೂರು ಇಡೀ ಮೊಟ್ಟೆ, ಇನ್ನೆರಡರ ಹಳದಿ, ಸಕ್ಕರೆ,
ಹಿಟ್ಟು ಎರಡೇ ಚಮಚ, ಸಾಕ್ಷಿಗೆ ಇರಲಿ ಎನ್ನುವಷ್ಟು.

ಹಿಂದೆಲ್ಲ ಗಡಿಯಾರ ನೋಡಿದವಳಲ್ಲ ನಾನು.
ಬಟ್ಟೆ ಮಡಚುತ್ತಲೋ, ಫೋನಿನಲ್ಲಿ ತಂಗಿಯೊಡನೆ ಜಗಳವಾಡುತ್ತಲೋ ಇದ್ದಾಗ
ಪರಿಮಳ ಬಂದು ಹೆಗಲು ತಟ್ಟುತ್ತಿತ್ತು:
ಏಳು, ಹದವಾಯಿತು.
ಪುಸ್ತಕ ಹನ್ನೊಂದು ನಿಮಿಷ ಅನ್ನುತ್ತದೆ.
ಆ ಪುಸ್ತಕಕ್ಕೆ ನಮ್ಮ ಓವನ್ನಿನ ಪರಿಚಯವಿಲ್ಲ,
ಬಲಗಡೆಗೇ ಉರಿಯುವ ಅದರ ಹುಚ್ಚು ಗೊತ್ತಿಲ್ಲ.
ಕಳೆದ ವಾರದವು ಇಡಿಯಾಗಿ ಬೆಂದವು, ಸ್ಪಂಜು.
ಅದರ ಹಿಂದಿನ ವಾರ ತಟ್ಟೆ ತುಂಬ ಕೆಸರು.

ನಲವತ್ತು ವರ್ಷ ಹೇಳಿದ್ದೆ ಇವನಿಗೆ
ಅಡುಗೆಮನೆಯಲ್ಲಿ ಮೂಗು ತೂರಿಸಬೇಡ ಅಂತ.
ಇವತ್ತು ನಾನೇ ಕರೆದೆ:
ಬಾ, ಮೂಗು ತೂರಿಸು.

ಬಂದ. ಹಡಗುಕಟ್ಟೆಯ ವೆಲ್ಡಿಂಗಿನಲ್ಲಿ ಸವೆದ ಮೊಣಕಾಲು
ಮಡಿಸಿ ಓವನ್ನಿನ ಗಾಜಿನೆದುರು ಕೂತ.
ಮುಖಕ್ಕೆ ಕವಚವಿಲ್ಲ, ಕಣ್ಣು ಮಾತ್ರ ಹಳೆಯ ಅಭ್ಯಾಸಕ್ಕೆ ಕಿರಿದು.
"ಏನು ವಾಸನೆ?" ಅಂದೆ.
"ಚಾಕೊಲೇಟಿನದು."
"ಅದು ನನಗೂ ಗೊತ್ತು. ಹೇಗಿದೆ?"
ತುಂಬ ಹೊತ್ತು ಉಸಿರೆಳೆದ.
"ಮಳೆ ಬಿದ್ದ ಹಗ್ಗ."
ಸ್ವಲ್ಪ ಬಿಟ್ಟು, "ನಿನ್ನ ಅಪ್ಪನ ತಂಬಾಕಿನ ಡಬ್ಬಿ, ಖಾಲಿಯಾದ ಮೇಲೆ."
ಮತ್ತೆ, "ಈಗ ಬೇರೆ. ಈಗ ಸಕ್ಕರೆ, ಸೀಯುವುದಕ್ಕೆ ಮುಂಚಿನದು.
ಇಲ್ಲ, ಅದಲ್ಲ. ಹೆಸರು ಬರುತ್ತಿಲ್ಲ, ಮಾಯ್ವೆನ್."
ಇಷ್ಟು ಮಾತು ಅವನು ನಮ್ಮ ಮದುವೆಯ ದಿನವೂ ಆಡಿರಲಿಲ್ಲ.

ಆಮೇಲೆ ಎದ್ದ, ಬೆರಳೆತ್ತಿದ:
"ಅಂಚು ಹಿಡಿದಿದೆ. ನಡು ಇನ್ನೂ ನಡುಗುತ್ತಿದೆ. ಈಗ."
ಗಡಿಯಾರದಲ್ಲಿ ಒಂಬತ್ತೂವರೆ ನಿಮಿಷ.
ಪುಸ್ತಕವನ್ನು ನಂಬಲೋ ಗಂಡನನ್ನೋ ಎಂದು ಯೋಚಿಸುವಷ್ಟರಲ್ಲಿ
ಅವನ ಕೈ ಬಾಗಿಲು ತೆರೆದಿತ್ತು.

ತಟ್ಟೆಗೆ ಕವುಚಿದೆವು. ಐದು ತಕರಾರಿಲ್ಲದೆ ಇಳಿದವು.
ಮುಕ್ಕು ಬಟ್ಟಲಿನದು ಅರ್ಧ ತಳಕ್ಕೇ ಅಂಟಿತು.
ಚಮಚ ಒತ್ತಿದೆ. ಗೋಡೆ ಒಂದು ಕ್ಷಣ ತಡೆದು ಬಿರಿಯಿತು,
ಒಳಗಿನದು ಅವಸರವಿಲ್ಲದೆ ಹೊರಬಂತು.
ನಾಲಿಗೆಗೆ ಕಹಿ ಸಿಕ್ಕಿತು, ಸಿಹಿ ಸಿಕ್ಕಿತು, ಕೊನೆಗೆ ಉಪ್ಪು.
ಬಿಸಿ ಗಂಟಲಿಳಿಯಿತು.
ಮಿಕ್ಕದ್ದು ಬರಲಿಲ್ಲ.
ಒಳಗೆ ಯಾರೂ ಇಲ್ಲವೆಂದು ತಿಳಿದ ಮೇಲೂ
ಹೊಸ್ತಿಲಲ್ಲಿ ಸ್ವಲ್ಪ ನಿಲ್ಲುತ್ತೇವಲ್ಲ, ಹಾಗೆ ನಿಂತೆ.

ಮೇಲಿನ ಮಹಡಿಯ ಯೂನಾ ಬಂದಳು, ಕರೆಯದೆಯೇ.
ವಾಸನೆ ಮೆಟ್ಟಿಲು ಹತ್ತಿ ಬಂತು ಅಂದಳು,
ಎರಡು ತಿಂದಳು, ಮೂತಿ ಒರೆಸಲಿಲ್ಲ.
"ಎಷ್ಟು ಮೆಟ್ಟಿಲು?" ಅಂತ ಕೇಳಿದೆ.
"ಮೂವತ್ತೆಂಟು."

ಮೂವತ್ತೆಂಟು.
ನನ್ನ ಬಟ್ಟಲಿನ ತಳ ಕೆರೆಯುತ್ತ ಕೂತೆ.
ಗ್ವೆನಾಯೆಲ್ ಸಿಂಕಿನ ಮುಂದೆ, ನಲ್ಲಿ ಬಿಟ್ಟುಕೊಂಡು,
ಇನ್ನೂ ಆ ಹೆಸರು ಹುಡುಕುತ್ತಿದ್ದ:
"ಕೆಲಸ ಮುಗಿದ ಮೇಲೆ ಕೈಗವಸಿನ ಒಳಗೆ ಇರುತ್ತಲ್ಲ, ಅದಾ?"
ಅಲ್ಲ ಅಂದೆ.
ನನಗೇನು ಗೊತ್ತು. ಆದರೂ ಅಲ್ಲ ಅಂದೆ,
ಇನ್ನೊಂದು ಹೇಳಲಿ ಎಂದು.