ಅಡ್ಡ ಎಳೆ

ಬೈತಖೋಲ ಧಕ್ಕೆಯ ಹಿಂದೆ, ತಾಡಪಾಲಿನ ಮಾಡಿನ ಕೆಳಗೆ
ಬೋಟು ಮಗುಚಿ ಮಲಗಿದೆ, ಹೊಟ್ಟೆ ಮೇಲಾಗಿ.
ಪುರ್ಸೊ ತಾಂಡೇಲ ಬೆರಳಗೆಣ್ಣಿನಿಂದ ತಟ್ಟುತ್ತ ಬರುತ್ತಾನೆ
ಮೂತಿಯಿಂದ ಹಿಂದಕ್ಕೆ,
ಟಕ್, ಟಕ್, ಟಕ್,
ಆಮೇಲೆ ಒಂದು ಕಡೆ
ಟಪ್.
ಹಲಸಿನಹಣ್ಣು ಕೊಳ್ಳುವವರ ಹಾಗೆ ಅಲ್ಲೇ ನಿಂತು
ಮತ್ತೊಮ್ಮೆ ತಟ್ಟುತ್ತಾನೆ.

‘ಕಡಲು ಒಡೆದದ್ದಲ್ಲ ಇದು.’

ನಿಜ. ಕಡಲು ಇದನ್ನು ಮೂರು ವರ್ಷ ಜಗ್ಗಿದೆ,
ದೇವಗಡದ ಆಚೆ, ಬಲೆ ತುಂಬ ಬಂಗಡೆ ಬಿದ್ದು
ಹಿಂದು ಒಂದು ಕಡೆ, ಮುಂದು ಒಂದು ಕಡೆ ಹೋದ ದಿನವೂ
ಒಂದೆಳೆ ಹರಿಯಲಿಲ್ಲ.
ಗಾಜಿನ ಎಳೆ, ಕೂದಲಿಗಿಂತ ಸಪೂರ.
ಉದ್ದಕ್ಕೆ ಎಳೆ, ಆನೆ ಕಟ್ಟಬಹುದು.
ಅಡ್ಡಕ್ಕೆ ಎಳೆ,
ಎಳೆಗೆ ಅದು ಕೇಳಿಸುವುದೇ ಇಲ್ಲ.
ಎಳೆ ಎಳೆಯ ನಡುವೆ ಸಿಕ್ಕಿಕೊಂಡ ಜೇನುಬಣ್ಣದ ಅಂಟು ಇದೆಯಲ್ಲ,
ಅದರ ತಲೆಗೆ ಎಲ್ಲ.
ಗಾಜು ಹಿಗ್ಗುವ ಜಾತಿಯಲ್ಲ, ಅದರ ಪಾಲನ್ನೂ
ಅಂಟೇ ಹಿಗ್ಗಬೇಕು, ಅಷ್ಟು ಇಕ್ಕಟ್ಟಿನಲ್ಲಿ.

ಒಡೆದದ್ದು ಹೋದ ಬುಧವಾರ. ನೀರಿನಲ್ಲಿ ಅಲೆಯೇ ಇರಲಿಲ್ಲ.
ಪಕ್ಕದ ಟ್ರಾಲರು ಮೆಲ್ಲಗೆ ಸರಿದು
ಕಂಬಕ್ಕೆ ಒತ್ತಿತು, ಪಕ್ಕೆ ಸೇರಿಸಿ.
ಧಕ್ಕೆಯಲ್ಲೇ ಧಕ್ಕೆ ಎಂದು ಐಸು ಹೊರುವ ಹುಡುಗರು ನಕ್ಕರು.
ಹುಣಸೆಬೀಜ ಹಲ್ಲಿಗೆ ಸಿಕ್ಕಂತೆ ಚಿಟ್ ಎಂದಿತಂತೆ,
ತುಸು ತಡೆದು ಇನ್ನೊಂದು ಚಿಟ್,
ಆಮೇಲೆ ಎಣಿಸಲಾಗಲಿಲ್ಲವಂತೆ.
ಬಂದು ನೋಡಿದರೆ ಬಿಳಿ ಗೆರೆಗಳು, ಎಳೆಯ ಜಾಡಿನಲ್ಲೇ,
ವಿಭೂತಿ ಎಳೆದಷ್ಟು ಅಚ್ಚುಕಟ್ಟು.

‘ಅಡ್ಡ ಮ್ಯಾಟು ಎರಡು ಪದರ ಅಂದಿದ್ದಿರಿ’
ಮಾಲಕಿ ಶೇವಂತಿಬಾಯಿ ಸಾರಂಗ
ಹಳೆಯ ಬಿಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಾಳೆ.
‘ಹಾಕಿದ್ದೇವೆ,’ ಪುರ್ಸೊ ಗ್ರೈಂಡರು ಹಚ್ಚುತ್ತಾನೆ.
ಮೊಣಕೈ ಮಡಿಕೆಯಲ್ಲಿ ತುರಿಕೆ ಈಗಲೇ ಶುರು.

ಸಿಪ್ಪೆ ಎದ್ದು ಬಂತು.
ಎರಡು ಪದರವೂ ಇದ್ದವು.
ಒಳಗಿನದು, ಒಂದು ಮೊಳದಷ್ಟು, ಒಣಗಿ ಬೆಳ್ಳಗೆ,
ಅಜ್ಜಿಯ ಬಾಚಿದ ತಲೆಯ ಹಾಗೆ.
ಎಳೆ ಮುರಿದಿಲ್ಲ. ಎಳೆ ಇದ್ದ ತೋಡು ಮಾತ್ರ ಅಂಟಿನಲ್ಲಿ,
ನುಣ್ಣಗೆ, ಹಾವು ಬಿಟ್ಟ ಪೊರೆ.
ಹಿಡಿದೇ ಇರಲಿಲ್ಲ ಅವು ಒಂದನ್ನೊಂದು.
ಮೂರು ವರ್ಷ ಪಕ್ಕಪಕ್ಕ ಇದ್ದವು, ಅಷ್ಟೇ.

ಆ ಜಾಗಕ್ಕೆ ರೋಲರು ಹೊಡೆದವನು ನಾನು.
ಜೂನ್ ಮೊದಲ ವಾರ. ಮ್ಯಾಟು ತುಸು ಥಂಡಿ ಹಿಡಿದಿತ್ತು,
ಬಿಸಿಲು ಬರಲಿ ಎಂದಿದ್ದ ಪುರ್ಸೊ.
ಬಕೆಟ್ಟಿನಲ್ಲಿ ಹಾರ್ಡನರು ಬಿದ್ದಾಗಿತ್ತು, ಬಕೆಟ್ಟಿನ ಬುಡ ಬಿಸಿ,
ನನಗೆ ಹಸಿವೆ.
ಕಾರಣ ಇಷ್ಟೇ. ದೊಡ್ಡದೊಂದು ಇದ್ದಿದ್ದರೆ
ಹೇಳಲು ಸುಲಭವಿತ್ತು.

ಪುರ್ಸೊ ನನ್ನ ಕಡೆ ನೋಡಲಿಲ್ಲ.
‘ಈ ಸಲ ಅಡ್ಡಕ್ಕೆ ಮೂರು’ ಎಂದು ರೋಲರು ಚಾಚಿದ.
ಮ್ಯಾಟನ್ನು ತಗಡಿನ ಮೇಲೆ ಬಿಸಿಲಿಗೆ ಹರವಿದೆ,
ಕೆನ್ನೆಗೆ ಒತ್ತಿ ನೋಡಿದೆ, ಇನ್ನೂ ಹರವಿದೆ.
ಅಂಟು ಕುಡಿದಂತೆ ಗಾಜಿನ ಬಿಳುಪು ಅಳಿಯುತ್ತದೆ,
ಎಳೆ ಕಾಣದಾದರೆ ಎಳೆ ನೆಂದಿತು ಎಂದು ಅರ್ಥ.
ಕಾಣುವಲ್ಲೆಲ್ಲ ಮತ್ತೆ ರೋಲರು,
ಮತ್ತೆ.

‘ಹಿಂದಿನ ಸಲ ಯಾರು ಮಾಡಿದ್ದು?’
ಶೇವಂತಿಬಾಯಿ ಪಕ್ಕದಿಂದ, ಸುಮ್ಮನೆ ಎಂಬಂತೆ.

ಬೋಟಿನ ಮೂಲೆಯಲ್ಲಿ ಬೆರಳಷ್ಟು ಬಿಳಿ ಉಳಿದಿತ್ತು.
ರೋಲರು ಅಲ್ಲೇ ನಿಲ್ಲಿಸಿ
ಬಾಯಿ ತೆರೆದೆ.