ಹತ್ತು ನಿಮಿಷದ ನಂತರ

ಹನ್ನೊಂದು ವರ್ಷದಿಂದ ಇದನ್ನು ಮಾರುತ್ತಿದ್ದೇನೆ
ಜಿಲಾಂಗಿನ ಔಷಧಿ ಅಂಗಡಿಯಲ್ಲಿ,
ಕೆಮ್ಮಿನ ಸಿರಪ್ಪಿನ ಎದುರಿನ ಕಪಾಟು.
ಶಾಲೆಯ ಸಮವಸ್ತ್ರದ ಹುಡುಗಿ
ಚೂಯಿಂಗ್ ಗಮ್ಮು, ಕೂದಲ ಕ್ಲಿಪ್ಪಿನ ಅಡಿಯಲ್ಲಿ ಬಚ್ಚಿಟ್ಟು ತರುತ್ತಾಳೆ.
ಮುಖ ನೋಡದೆ ಸ್ಕ್ಯಾನ್ ಮಾಡುತ್ತೇನೆ,
ನಾನು ಕೊಡಬಲ್ಲ ರಿಯಾಯಿತಿ ಅದೊಂದೇ.

ಕೇಳಿದವರಿಗೆ ಹೇಳುವುದು ಬಾಯಿಪಾಠ:
ಬೆಳಗಿನ ಮೊದಲ ಮೂತ್ರ ಒಳ್ಳೆಯದು.
ಮೂರು ನಿಮಿಷ ಕಾಯಿರಿ.
ಹತ್ತಾದ ಮೇಲೆ ನೋಡಬೇಡಿ,
ಆಮೇಲೆ ಮೂಡುವ ಗೆರೆ ಗೆರೆಯಲ್ಲ,
ನೀರು ಆರಿದ ಗುರುತು.

ನನಗೆ ಬೇಕಾದಾಗ ಮಾತ್ರ
ರೈಲು ಹತ್ತಿ ಲಾರಾಕ್ಕೆ ಹೋದೆ.
ನಮ್ಮಲ್ಲಿ ಸಿಬ್ಬಂದಿಗೆ ಶೇಕಡಾ ಹದಿನೈದು ಕಡಿಮೆ,
ಆದರೆ ರೊಸಾನ್ನಳ ಹುಬ್ಬು ಇದೆಯಲ್ಲ.
ಇಲ್ಲಿ ಮನುಷ್ಯರಿಲ್ಲದ ಕೌಂಟರು.
ಬ್ರೆಡ್ಡು, ಈರುಳ್ಳಿ, ಅದು.
ಯಂತ್ರ ಹೆಣ್ಣುದನಿಯಲ್ಲಿ ಸಾರಿತು:
ಚೀಲದಲ್ಲಿ ನಿರೀಕ್ಷಿಸದ ವಸ್ತುವಿದೆ.

ನಲವತ್ತನಾಲ್ಕು. ಮಗ ಗಡ್ಡ ಬಿಟ್ಟಿದ್ದಾನೆ.
ಒಂಬತ್ತು ವಾರವಾಯಿತು ತಿಂಗಳಾಗಿಲ್ಲ.
ನಮ್ಮ ಮಾತೂ ಕೈಕೊಡುತ್ತದೆ ಇಂಥಲ್ಲಿ:
ಮುಟ್ಟು ನಿಂತರೂ ನಿಂತಿತು,
ಬಸಿರು ನಿಂತರೂ ನಿಂತಿತು.

ಬೆಳಿಗ್ಗೆ ಐದೂವರೆ, ಜೂನಿನ ಚಳಿ,
ಟೈಲ್ಸು ಪಾದ ಕಚ್ಚುತ್ತದೆ.
ಚೀಟಿ ಓದಿದೆ, ಅಕ್ಷರ ಬಿಡದೆ,
ಕಂಡೇ ಇರದವಳ ಹಾಗೆ.
ಕೈಮೇಲೆ ಸಿಡಿಯಿತು; ತೊಳೆದುಕೊಂಡೆ.
ಸಿಂಕಿನ ಅಂಚಿಗಿಟ್ಟು
ಗುರುಪಾದನ ಗೊರಕೆ ಎಣಿಸಿದೆ. ಗಡಿಯಾರ ಬೇಕಾಗಲಿಲ್ಲ.

ಒಂದು ಗೆರೆ.
ಒಂದೇ.
ಸದ್ಯ, ಎಂದೆ, ಬಾಯಿಬಿಟ್ಟೇ.
ಸಾಲದ ಕಂತು, ನನ್ನ ಬಿಪಿ, ನಾದಿನಿಯ ನಾಲಿಗೆ,
ಗಡ್ಡದ ಮಗನ ಮುಂದೆ ಹೊಟ್ಟೆ ಹೊತ್ತು ತಿರುಗುವುದು,
ಎಲ್ಲದಕ್ಕೂ ಸೇರಿಸಿ ಒಂದು ಸದ್ಯ.
ಚಹಾಕ್ಕಿಟ್ಟೆ. ಶುಂಠಿ ಜಜ್ಜಿದೆ.

ಎಸೆಯಲೆಂದೇ ಮತ್ತೆ ಬಂದದ್ದು. ಆರೂಕಾಲು.
ಹೊರಗೆ ಮ್ಯಾಗ್‌ಪೈ ಒಂದು ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಕಿಟಕಿಗೆ ಹಿಡಿದರೆ
ಎರಡನೆಯ ಜಾಗದಲ್ಲಿ ಬೂದಿಬಣ್ಣ,
ಸ್ಲೇಟು ಒರೆಸಿದ ಮೇಲೂ ಉಳಿದುಕೊಂಡ
ಅಕ್ಷರದಷ್ಟು.

ಗೊತ್ತು. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು.
ಒಬ್ಬಾಕೆ ಕೌಂಟರಿಗೇ ತಂದು
ಟಿಶ್ಯೂ ಬಿಚ್ಚಿ ತೋರಿಸಿದ್ದಳು ಒಮ್ಮೆ;
ಆರಿದ ನೀರು, ಅಷ್ಟೇ, ಎಂದಿದ್ದೆ
ಚಿಲ್ಲರೆ ಎಣಿಸುತ್ತ.
ಆಕೆ ಟಿಶ್ಯೂ ಮತ್ತೆ ಮಡಿಸಿದ್ದು
ಈಗ ಕಾಣುತ್ತಿದೆ. ನಾಲ್ಕು ಮಡಿಕೆ, ನಿಧಾನಕ್ಕೆ,
ಒಳಗಿರುವುದಕ್ಕೆ ನೋವಾಗದ ಹಾಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ, ಎಂದು
ನಗುತ್ತಿದ್ದಳು ಅವ್ವ.
ಕೂಸೇ ಇಲ್ಲದ್ದಕ್ಕೆ ಏನೆನ್ನುತ್ತಿದ್ದಳೋ.

"ಏ, ಚಾ ಉಕ್ಕಾಕತ್ತೈತಿ ನೋಡ!"
ಗುರುಪಾದ, ಹಾಸಿಗೆಯಿಂದಲೇ.

ಉಕ್ಕಲಿ ಬಿಡ್ರಿ.
ಟಿಶ್ಯೂ ಎಳೆಯುತ್ತಿದ್ದೇನೆ ಡಬ್ಬಿಯಿಂದ,
ಒಂದು ಸಾಲದು.